ಫ್ರೆಂಚ್ ಸಿನಿಮಾಕ್ಕೆ ನನ್ನ ಬಾಯಿ

ಒಂಬತ್ತನೇ ಕ್ಲಾಸಿನಲ್ಲಿ ನಾನು ಎರಡು ಸಲ ಕಿಟಕಿ ಗಾಜು ಒಡೆದೆ, ಒಂದು ಸಲ ಹುಡುಗನೊಬ್ಬನ ಮೂಗು. ಮೂಗಿನ ವಿಷಯದಲ್ಲಿ ನನಗೆ ಇವತ್ತಿಗೂ ಬೇಜಾರಿಲ್ಲ. ಹೆಡ್ ಮಾಸ್ತರಿಗೆ ಮಾತ್ರ ಸಾಕಾಗಿಹೋಗಿತ್ತು. "ಶನಿವಾರ ನಿಮ್ಮಪ್ಪ ಬಂದು ಟಿ.ಸಿ. ತಗೊಂಡು ಹೋಗ್ಲಿ" ಅಂದರು. ಟಿ.ಸಿ. ಕೈಗೆ ಬಂದರೆ ನನ್ನ ಓದು ಮುಗಿದ ಹಾಗೆ. ಹಿರಿಯೂರಿನ ಸೋದರತ್ತೆ ನನ್ನನ್ನು ತನ್ನ ಮಗನಿಗೆ ತಂದುಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು.

ಅವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತುತ್ತಿರಲಿಲ್ಲ. ಅಪ್ಪನಂತೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವ್ವ ಹಾಗಲ್ಲ, ಬಲು ಮಾತುಗಾತಿ. ಹಿಂದಿ ಒಂದಕ್ಷರ ಬರದಿದ್ದರೂ ಓಣಿಯ ಹೆಂಗಸರನ್ನೆಲ್ಲ ಟಿವಿ ಮುಂದೆ ಕೂರಿಸಿಕೊಂಡು, ಹಿಂದಿ ಧಾರಾವಾಹಿಗೆ ಕನ್ನಡದಲ್ಲಿ ಕಥೆ ಕಟ್ಟಿ ಹೇಳುತ್ತಿದ್ದಳು.

ಆ ಶನಿವಾರ, ಚಿತ್ರದುರ್ಗದಿಂದ ಬರುತ್ತಿದ್ದ ಇಂಗ್ಲಿಷ್ ಮೇಡಂ ಸ್ಮಾರ್ಟ್ ಕ್ಲಾಸಿನಲ್ಲಿ ಒಂದು ಫ್ರೆಂಚ್ ಸಿನಿಮಾ ಹಾಕಿದರು. ಹದಿನೈದರ ಹುಡುಗಿಯ ಕಥೆ. ಮನೆಯಲ್ಲಿ ಜಗಳ, ಶಾಲೆಯಲ್ಲಿ ಜಗಳ, ಬೀದಿಯಲ್ಲೂ ಜಗಳ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಯಾರ ಕೈಗೂ ಸಿಗಲಿಲ್ಲ. ಕನ್ನಡದಲ್ಲಿ ಹೇಳೋಣವೆಂದರೆ ಮೇಡಂಗೆ ಗಂಟಲು ಕಟ್ಟಿತ್ತು. ಹುಡುಗರು ಸಿಳ್ಳೆ ಶುರು ಮಾಡಿದರು. ನನಗೆ ರೇಗಿತು.

"ಸುಮ್ನೆ ಕುಂತ್ಕಳ್ರೋ! ಅವರವ್ವ ಬೈತಿದಾಳೆ ಅಷ್ಟೇ. 'ಲೇ ದರಿದ್ರದವಳೇ, ತಲೆ ಬಾಚ್ಕೊಂಡು ಸ್ಕೂಲಿಗೆ ಹೋಗೇ' ಅಂತ!"

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಡಂ ಕೈಸನ್ನೆ ಮಾಡಿ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ಆಮೇಲೆ ಕೇಳಬೇಕೆ! ಇಂಗ್ಲಿಷ್ ಓದುವ ಗೋಜಿಗೇ ಹೋಗಲಿಲ್ಲ. ಮುಖ ನೋಡಿದೆ, ಮಾತು ಹಾಕಿದೆ. ಅಲ್ಲಿನ ಪೊಲೀಸು "ಏನಮ್ಮ, ಯಾವೂರು ನಿಂದು?" ಅಂದ. ಬ್ರೆಡ್ಡು ಮಾರುವವನು "ಬಿಸಿ ಐತೆ, ಬರ್ರಿ ಬರ್ರಿ" ಅಂದ. ಮೇಡಂ ದನಿಯಿಲ್ಲದೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ ಮಾಸ್ತರು. ಕೈಯಲ್ಲಿ ನನ್ನ ಟಿ.ಸಿ. ಅವರ ಹಿಂದೆ, ಹೆಗಲಿಗೆ ಟವೆಲ್ ಹಾಕಿಕೊಂಡು ಅಪ್ಪ. ಪರದೆಯ ಮೇಲೂ ಅದೇ ಆಗುತ್ತಿತ್ತು. ಆ ಹುಡುಗಿ ಪ್ರಿನ್ಸಿಪಾಲರ ಮುಂದೆ ನಿಂತಿದ್ದಳು. ಅವರು ಏನೋ ಕೇಳಿದರು. ಅವಳು ತುಟಿ ಬಿಚ್ಚಲಿಲ್ಲ, ಕೆಳಗೆ ಅಕ್ಷರವೂ ಬರಲಿಲ್ಲ.

"ಏನಂತಾಳೆ ಹೇಳೇ!" ಅಂತ ಕೂಗಿದವನು ಯಾರು ಅಂದುಕೊಂಡಿರಿ? ಮೂಗು ಒಡೆಸಿಕೊಂಡವನೇ.

ಅವಳು ಏನೂ ಅನ್ನಲಿಲ್ಲ. ನಾನೇ ಅಂದೆ.

"ಸಾರ್, ನಮ್ಮವ್ವ ಸತ್ತು ಎಂಟು ತಿಂಗಳಾತು. ಮನೇಲಿ ಒಬ್ರೂ ಅವಳ ಮಾತು ಎತ್ತಲ್ಲ. ಅವಳು ಇರ್ಲೇ ಇಲ್ಲ ಅನ್ನಂಗೆ ಆಗೈತೆ. ಗಾಜು ಒಡೆದ್ರೆ ಒಬ್ರಾದ್ರೂ ತಿರುಗಿ ನೋಡ್ತಾರೆ ಸಾರ್. ನನ್ನ ಕಳಿಸಬ್ಯಾಡ್ರಿ. ನಾನು ಓದ್ತೀನಿ."

ಈಗಷ್ಟೇ ತಲೆ ಬಾಚಿಕೋ ಅಂದ ಸಿನಿಮಾದ ಅವ್ವ ಎಂಟು ತಿಂಗಳ ಹಿಂದೆ ಹೇಗೆ ಸತ್ತಳು ಅಂತ ಒಬ್ಬರೂ ಕೇಳಲಿಲ್ಲ. ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ. ಹೆಡ್ ಮಾಸ್ತರು ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡು, ಅಪ್ಪನನ್ನೂ ಕೈಹಿಡಿದು ಕರೆತಂದು ಹಿಂದಿನ ಬೆಂಚಿನಲ್ಲಿ ಕೂತರು.

"ಮುಂದೇನಾತು, ಹೇಳಮ್ಮ" ಅಂದರು.

ಅಯ್ಯಪ್ಪಾ, ಆಗ ಆದ ಖುಷಿ ಹೇಗೆ ಹೇಳಲಿ! ಕೊನೆಗೆ ಆ ಹುಡುಗಿ ಚೀಲ ಹಿಡಿದು ರೈಲು ಹತ್ತಿದಳು. ಎಲ್ಲಿಗೆ ಅಂತ ಸಿನಿಮಾ ಹೇಳಲಿಲ್ಲ. "ಕಾಲೇಜಿಗೆ ಹೊಂಟಾಳೆ!" ಅಂದೆ ನಾನು. ಕ್ಲಾಸಿಗೆ ಕ್ಲಾಸೇ ಎದ್ದು ಚಪ್ಪಾಳೆ ಹೊಡೆಯಿತು.

ಊರಿಗೆ ಹೋಗಲು ಶ್ರೀರಾಂಪುರದ ಬಸ್ಸಿಗೆ ಕಾಯುವಾಗ ಅಪ್ಪ ಗಂಟಲು ಸರಿಮಾಡಿಕೊಂಡ. "ನಿಮ್ಮವ್ವನೂ ಹಿಂಗೇ ಅಲ್ವೇನೇ? ಆ ಹಿಂದಿಯವರ ಬಾಯಾಗೆ ನಮ್ಮೂರ ಬೈಗುಳ ಹಾಕೋಳು" ಅಂದು ನಕ್ಕುಬಿಟ್ಟ. ಬಸ್ಸಿನ ದಾರಿಯುದ್ದಕ್ಕೂ ನಾವು ಅವಳ ಮಾತೇ ಆಡಿದೆವು. ಊರಲ್ಲಿ ಇಳಿದವನೇ ಹಿರಿಯೂರಿಗೆ ಫೋನ್ ಹಚ್ಚಿದ.

"ಅಕ್ಕಾ, ನಿನ್ನ ಮಗನಿಗೆ ಬೇರೆ ಹುಡುಗಿ ನೋಡ್ಕೋ. ನಮ್ಮ ಹುಡುಗಿ ಕಾಲೇಜಿಗೆ ಹೊಂಟಾಳೆ."