ನಾನು ಗಾಡಿಯ ಕೀಲಿ ಕೊಡಲಿಲ್ಲ

ಅದು ೧೯೬೩ನೆಯ ಇಸವಿಯ ಬೇಸಿಗೆ. ನನ್ನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನನಗಾಗ ಇಪ್ಪತ್ತೆಂಟು. ವಿಜಾಪುರದ ಅಥಣಿ ರಸ್ತೆಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಂಗಳದಲ್ಲಿ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಒಂದು ಹಳೆಯ ಕಪ್ಪು ಮೋಟಾರು ಗಾಡಿ. ಗೋಳಗುಮ್ಮಟದ ಹತ್ತಿರದ ಸ್ಟ್ಯಾಂಡಿನಲ್ಲಿ ಅದನ್ನು ನಿಲ್ಲಿಸಿ ನಮ್ಮ ಮನೆಯವರು ಬಾಡಿಗೆ ಹೊಡೆಯುತ್ತಿದ್ದರು.

ಅವರಿಗೆ ಕ್ಷಯ ಆಯಿತು. ಕೊನೆಯ ಆರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಬೇವಿನ ಮರದ ಬುಡದಲ್ಲೇ ಹೊರಸು ಹಾಕಿಸಿಕೊಂಡು ಮಲಗಿರುತ್ತಿದ್ದರು. ಗಾಡಿ ಓಡಿಸಲು ಬೇರೆ ಡ್ರೈವರ್ ಬಂದಿದ್ದ, ಆದರೆ ಅವನು ಗಾಡಿ ನೋಡಿಕೊಳ್ಳುವ ರೀತಿ ಅವರಿಗೆ ಹಿಡಿಸುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, "ನನಗ ಬಗ್ಗಾಕ ಆಗೂದಿಲ್ಲ. ನೀ ನನ್ನ ಕೈಯಾಗು" ಅಂದರು. ಅಂದಿನಿಂದ ಅವರು ಮಲಗಿದಲ್ಲಿಂದ ಹೇಳುವುದು, ನಾನು ಮಾಡುವುದು. ಎಂಜಿನ್ನಿನ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ಎಣ್ಣೆ ನೋಡುವುದು, ಎಂಜಿನ್ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆದು ನೀರು ತುಂಬುವುದು, ಟಾಯರಿನ ಮೇಲೆ ಅಂಗೈ ಸವರಿ ಸಿಕ್ಕಿಕೊಂಡ ಹರಳು ಕೀಳುವುದು. "ಬ್ರೇಕು ತುಳಿದ್ರ ಕಲ್ಲ ತುಳಿದಂಗಿರಬೇಕು. ಕೆಸರ ತುಳಿದಂಗಾದ್ರ ಗಾಡಿ ಅಂಗಳ ಬಿಡಬಾರದು" ಅನ್ನುತ್ತಿದ್ದರು. ಮುಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡುವುದನ್ನು ಕೊನೆಗೆ ಕಲಿಸಿದರು. ಅಲುಗಾಡಿಸಿದಾಗ ಟಕ್ ಅಂದರೆ, ಸ್ಟೇರಿಂಗಿನ ಕೊಂಡಿ ಎಲ್ಲೋ ಸಡಿಲಾಗಿದೆ ಅಂತ ಅರ್ಥ.

ಅವರು ಹೋದ ಮೇಲೆ ನನ್ನ ಮೈದುನ ಗಾಡಿ ಮಾರಿಬಿಡು ಎಂದ. ನಾನು ಒಪ್ಪಲಿಲ್ಲ. ಓಡಾಡಿ ಪರ್ಮಿಟ್ಟನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಹಳೆಯ ಡ್ರೈವರ್ ಬಿಟ್ಟುಹೋದ, ಸಿದ್ದಪ್ಪ ಅಂತ ಹೊಸಬ ಬಂದ. ಕೆಲಸಗಾರ ಒಳ್ಳೆಯವನೇ. ಆದರೆ ಮೊದಲ ದಿನವೇ ಒಂದು ಮಾತು ಹೇಳಿದ: "ಅಕ್ಕಾರ, ನೀವು ಗಾಡಿ ನೋಡೂದು ನೋಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಸ್ಟ್ಯಾಂಡಿಗೆ ಬರಬ್ಯಾಡ್ರಿ. ಮುಂಜಾನೆ ಬೋಣಿ ಹೊತ್ತಿನ್ಯಾಗ ಗಿರಾಕಿ ಮುಂದ..." ಅಂದು ಅಲ್ಲಿಗೇ ನಿಲ್ಲಿಸಿದ. ಹಣೆಯಲ್ಲಿ ಕುಂಕುಮ ಇಲ್ಲದ ಹೆಂಗಸಿನ ಮುಖ ಬೆಳಿಗ್ಗೆ ಬೆಳಿಗ್ಗೆ ಗಿರಾಕಿಗಳ ಕಣ್ಣಿಗೆ ಬೀಳಬಾರದು ಎಂದು ಅವನ ಮಾತಿನ ಅರ್ಥ. ನನಗೆ ಅರ್ಥವಾಯಿತು. ನುಂಗಿಕೊಂಡೆ. ದಿನಾ ಬೆಳಗಾಗುತ್ತಲೇ ಅಂಗಳದಲ್ಲೇ ಎಲ್ಲ ನೋಡಿ ಮುಗಿಸಿ, ಅವನು ಬರುವ ಹೊತ್ತಿಗೆ ಒಳಗೆ ಸೇರಿಕೊಳ್ಳುತ್ತಿದ್ದೆ.

ಆ ದಿನ ಬಬಲೇಶ್ವರದ ಕಡೆಯ ಒಬ್ಬ ದೊಡ್ಡ ಜಮೀನುದಾರರು ನಮ್ಮ ಗಾಡಿ ಹೇಳಿದ್ದರು. ಅವರ ಹೆಸರು ಬರೆಯುವುದಿಲ್ಲ, ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಯಜಮಾನರು ಅಂತಲೇ ಕರೆಯುತ್ತೇನೆ. ಅವರ ಮಗನಿಗೆ ಟಿಕೋಟಾದಲ್ಲಿ ಹೆಣ್ಣು ಗೊತ್ತಾಗಿತ್ತು, ಅಂದು ಹತ್ತು ಗಂಟೆಗೆ ನಿಶ್ಚಯ. ಹಿಂದಿನ ದಿನವೇ ಊರಿಂದ ಬಂದು, ಸೀರೆ ಖಣ ಕೊಂಡು, ನಮ್ಮ ಓಣಿಯ ಬೀಗರ ಮನೆಯಲ್ಲಿ ಉಳಿದಿದ್ದರು. ಏಳು ಗಂಟೆಗೆ ಸಿದ್ದಪ್ಪ ಗಾಡಿ ತೆಗೆದುಕೊಂಡು ಅಲ್ಲಿಗೆ ಹೋಗಬೇಕಿತ್ತು.

ಆದರೆ ಅವರೇ ಆರೂವರೆಗೆ ನಮ್ಮ ಅಂಗಳಕ್ಕೆ ಬಂದುಬಿಟ್ಟರು. ಯಜಮಾನರು, ಅವರ ಹೆಂಡತಿ, ಮದುಮಗ, ಇಬ್ಬರು ಹಿರಿಯರು, ಮತ್ತು ಯಜಮಾನರ ತಾಯಿ, ಎಪ್ಪತ್ತರ ಮೇಲಿನ ಮುದುಕಿ. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ನಾನು ಎಣ್ಣೆ, ನೀರು, ಟಾಯರು ನೋಡಿ ಮುಗಿಸಿದ್ದೆ, ಮುಂದಿನ ಗಾಲಿ ಅಲುಗಾಡಿಸುವುದು ಮಾತ್ರ ಬಾಕಿ ಇತ್ತು. ಅಷ್ಟರಲ್ಲಿ ಕೆಲಸಕ್ಕೆ ಬಂದ ಸಿದ್ದಪ್ಪ, ಒಳಗೆ ಹೋಗಿರಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ನಾನು ಸೆರಗು ಮುಂದೆಳೆದುಕೊಂಡು ಬಾಗಿಲ ಹಿಂದೆ ನಿಂತೆ.

ಆಯಿಗೆ ನಿಲ್ಲಲು ಆಗುತ್ತಿರಲಿಲ್ಲ. ಮದುಮಗ ಕೈಹಿಡಿದು ಅವರನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದ. ಬುಟ್ಟಿಗಳನ್ನು ಡಿಕ್ಕಿಗೆ ಹಾಕಿದರು. ಗಾಡಿಯನ್ನು ಮರದ ಬುಡದಿಂದ ಆಚೆ ತೆಗೆಯಲೆಂದು ಸಿದ್ದಪ್ಪ ಎಂಜಿನ್ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದ. ಆಗ ನನಗೆ ಕೇಳಿಸಿತು. ಟಕ್.

ಇನ್ನೊಮ್ಮೆ ತಿರುಗಿಸಿದ. ಮತ್ತೆ ಟಕ್.

ಸುಳ್ಳು ಯಾಕೆ ಹೇಳಲಿ, ನಾನು ಒಂದು ಗಳಿಗೆ ಅಲ್ಲೇ ನಿಂತೆ. ಶುಭಕಾರ್ಯಕ್ಕೆ ಹೊರಟ ಮಂದಿ. ನಾನು ಹೊರಗೆ ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನ ಗಾಡಿ ಬಬಲೇಶ್ವರದ ಆಚೆಯ ಕಲ್ಲುದಾರಿಯಲ್ಲಿ ಹೋಗಿ ಬಂದದ್ದೂ ನೆನಪಾಯಿತು. ತೊರವಿ ದಾಟಿದರೆ ರಸ್ತೆಯಲ್ಲಿ ಹಳ್ಳದ ಇಳಿಜಾರು ಬರುತ್ತದೆ. ಬಾಗಿಲು ದೂಡಿ ಹೊರಗೆ ಬಂದೆ.

"ಸಿದ್ದಪ್ಪ, ಎಂಜಿನ್ ಬಂದ್ ಮಾಡು. ಹ್ಯಾಂಡ್ ಬ್ರೇಕ್ ಹಾಕು" ಎಂದೆ.

ಅವನು ಬೆದರಿದವನ ಹಾಗೆ ಬಂದ್ ಮಾಡಿದ. ಯಜಮಾನರು ನನ್ನ ಹಣೆ ನೋಡಿದರು, ಬರಿಗೈ ನೋಡಿದರು. ಮುಖ ಕೆಂಪಾಯಿತು.

"ಯಾರಲೇ ಈಕಿ? ಒಳ್ಳೆ ಕೆಲಸಕ್ಕ ಹೊಂಟಾಗ ಎದುರಿಗೆ ಬಂದು ನಿಂತಾಳಲ್ಲ! ಒಳಗ ಕಳಸು ಮೊದಲ!"

"ಗಾಡಿ ಇವರದರಿ ಯಜಮಾನ್ರ" ಎಂದ ಸಿದ್ದಪ್ಪ, ಕೆಳಗಿನ ದನಿಯಲ್ಲಿ.

ನಾನು ಗಾಲಿಗಳಿಗೆ ಕಲ್ಲು ಒತ್ತುಗೊಟ್ಟೆ. ಮುಂದಿನ ಎಡಗಾಲಿ ಹಿಡಿದು ಅಲುಗಾಡಿಸಿದೆ. ಅದು ಸಡಿಲಾದ ಹಲ್ಲಿನ ಹಾಗೆ ಆಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟೂ ಜನರ ಎದುರಿಗೆ ಅಂಗಳದ ಮಣ್ಣಿನಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ಹಾಕಿದೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಬಂದು ನಿಂತಿದ್ದರು. ಯಾರೋ ನಕ್ಕದ್ದು ಕೇಳಿಸಿತು.

ಕಂಡಿತು. ಸ್ಟೇರಿಂಗಿನ ಸಲಾಕೆಯನ್ನು ಗಾಲಿಗೆ ಜೋಡಿಸುವ ನಟ್ಟಿಗೆ ಒಂದು ಅಡ್ಡ ಪಿನ್ ಇರುತ್ತದೆ, ನಟ್ಟು ತಿರುಗಿ ಬಿಚ್ಚದಿರಲಿ ಎಂದು. ಆ ಪಿನ್ ಮುರಿದು ಬಿದ್ದಿತ್ತು. ನಟ್ಟು ತಿರುಗಿ ತಿರುಗಿ ಕೊನೆಯ ಎರಡು ಸುತ್ತಿನ ಮೇಲೆ ನೇತಾಡುತ್ತಿತ್ತು. ಅದು ಉದುರಿದರೆ ಸ್ಟೇರಿಂಗ್ ಡ್ರೈವರನ ಕೈಯಲ್ಲಿ ಇರುತ್ತದೆ, ಗಾಲಿ ತನ್ನ ದಾರಿ ತಾನು ಹಿಡಿಯುತ್ತದೆ.

ಎದ್ದು ಬಂದವಳೇ ಡ್ರೈವರನ ಬಾಗಿಲು ತೆಗೆದು ಕೀಲಿ ಕಿತ್ತುಕೊಂಡೆ. ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ.

"ಪಿನ್ ಮುರದೈತಿ. ಹೊಸಾದು ಹಾಕೂತನಕ ಗಾಡಿ ಹೊರಡೂದಿಲ್ಲ" ಎಂದೆ.

"ಹೆಂಗಸು ಹೇಳ್ತಾಳಂತ, ಗಾಡಿ ನಿಲ್ಲಬೇಕಂತ!" ಯಜಮಾನರು ಹಿರಿಯರ ಕಡೆ ತಿರುಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. "ನಿನ್ನೆ ಓಡಿದ ಗಾಡಿ ಇವತ್ತ ಓಡಂಗಿಲ್ಲೇನು? ಗಂಡನ್ನ ನುಂಗಿದಾಕಿ, ನನ್ನ ಮಗನ ನಿಶ್ಚೆನೂ ನುಂಗಬೇಕಂತ ನಿಂತೀ ಏನು?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಸಿದ್ದಪ್ಪ ಹತ್ತಿರ ಬಂದು, "ಅಕ್ಕಾರ, ಕೀಲಿ ಕೊಡ್ರಿ. ಸಾವಕಾಶ ಹೊಡ್ಕೊಂಡು ಹೋಗ್ತೇನಿ. ದೊಡ್ಡ ಮಂದಿ ಅದಾರ. ಕೊಡದಿದ್ರ ನಾಳಿಯಿಂದ ನಾ ಕೆಲಸಕ್ಕ ಬರೂದಿಲ್ಲ ನೋಡ್ರಿ" ಎಂದ. ಅವನೂ ಬಿಟ್ಟರೆ ಗಾಡಿ ಮರದ ಕೆಳಗೆ ನಿಂತು ತುಕ್ಕು ಹಿಡಿಯುವುದೇ.

"ಬರಬ್ಯಾಡ" ಎಂದೆ. "ಇವತ್ತ ಮಾತ್ರ ಕೆಳಗ ಮಲಗಿ ಒಮ್ಮೆ ನೋಡಿ ಹೋಗು." ಯಜಮಾನರಿಗೆ ಹೇಳಿದೆ: "ನೀವು ಏನ ಬೇಕಾದ್ದು ಅನ್ರಿ. ಗಾಡಿ ನಂದು. ಕೀಲಿನೂ ನಂದು. ಕೊಡೂದಿಲ್ಲ."

"ಹಿಂಗೇನು? ಇನ್ನ ಮ್ಯಾಲ ನಮ್ಮ ಕಡಿಂದ ಒಬ್ಬ ಗಿರಾಕಿ ಈ ಗಾಡಿ ಹತ್ತಿದ್ರ ಕೇಳು!" ಎಂದು ಯಜಮಾನರು ಬೀಗರ ಮನೆಯ ಸೈಕಲ್ಲಿನಲ್ಲಿ ಒಬ್ಬ ಹಿರಿಯನನ್ನು ಸ್ಟ್ಯಾಂಡಿಗೆ ಅಟ್ಟಿದರು. ಬೇರೆ ಗಾಡಿ ಬಂತು. ಬುಟ್ಟಿಗಳು ಇಳಿದು ಅದಕ್ಕೆ ಹೋದವು. ಹೆಂಡತಿ, ಹಿರಿಯರು, ಮದುಮಗ ಹತ್ತಿದರು. "ಅವ್ವಾ, ಇಳಿ" ಎಂದರು ಯಜಮಾನರು.

ಆಯಿ ಇಳಿಯಲಿಲ್ಲ.

ಅಷ್ಟು ಹೊತ್ತು ಆ ಮುದುಕಿ ಒಂದು ಮಾತೂ ಆಡಿರಲಿಲ್ಲ. ಈಗ ತಲೆಯ ಮೇಲಿನ ಸೆರಗು ಹಿಂದೆ ಸರಿಸಿದರು. ಅವರ ಹಣೆಯೂ ಬರಿದು. ಗದ್ದಲದಲ್ಲಿ ನಾನದನ್ನು ಗಮನಿಸಿಯೇ ಇರಲಿಲ್ಲ.

"ಮುಂಜಾನೆ ಎದ್ದು ಮೊದಲ ಯಾರ ಮಾರಿ ನೋಡಿದ್ಯೋ ನೀನು?" ಎಂದು ಕೇಳಿದರು.

ಯಜಮಾನರು ಅವರನ್ನು ಇಳಿಸಲು ಕೈ ಚಾಚಿದರು.

"ನಂದು. ನಾನ ಎಬ್ಬಿಸೀನಿ ನಿನ್ನ. ನಿಮ್ಮಪ್ಪ ಹೋಗಿ ಇಪ್ಪತ್ತು ವರ್ಷ ಆತು. ಇಪ್ಪತ್ತು ವರ್ಷ ದಿನಾ ಮುಂಜಾನೆ ನನ್ನ ಮಾರಿನ ನೋಡಿ ಎದ್ದಿ. ಏನ ಕೆಟ್ಟದ್ದಾಗೇತಿ ನಿನಗ? ಹೊಲ ಹೋತೋ, ಮನಿ ಹೋತೋ?"

"ಅವ್ವಾ, ಅದು ಬ್ಯಾರೆ, ಇದು ಬ್ಯಾರೆ..."

"ಹೆಂಗ ಬ್ಯಾರೆ? ನಾನೂ ಗಂಡನ್ನ ನುಂಗಿದಾಕೀನ ಅಲ್ಲೇನು? ನಡೀ, ನೀ ಮುಂದ ಹೋಗು. ನಾ ಈ ಗಾಡಿಯಾಗ ಬರ್ತೇನಿ. ಆ ಹುಡುಗಿ ಮಣ್ಣಾಗ ಮಲಗಿ ನೋಡ್ಯಾಳ. ನಿನ್ನ ಆ ಗಾಡಿ ಕೆಳಗ ಯಾರು ನೋಡ್ಯಾರ?"

ಅದೇ ಹೊತ್ತಿಗೆ ಸಿದ್ದಪ್ಪ ಗಾಡಿಯ ಕೆಳಗಿನಿಂದ ಹೊರಗೆ ಬಂದ. ಅವನು ಯಾವಾಗ ಕೆಳಗೆ ಹೋಗಿದ್ದನೋ ನಾನು ನೋಡಿರಲಿಲ್ಲ. ಅಂಗೈಯಲ್ಲಿ ಆ ನಟ್ಟು ಇತ್ತು.

"ನಟ್ಟ ಬಿಚ್ಚೂ ಪಾನಾನೂ ಹಚ್ಚಲಿಲ್ರಿ. ಬೆರಳಿಗೇ ಬಂತು" ಎಂದ. ಅವನ ಮುಖ ಬಿಳಿಚಿಕೊಂಡಿತ್ತು.

ಯಜಮಾನರು ಆ ನಟ್ಟನ್ನು ನೋಡಿದರು. ತಪ್ಪಾಯಿತು ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ಇನ್ನೊಂದು ಗಾಡಿ ಹತ್ತಿ ಬಾಗಿಲು ಎಳೆದುಕೊಂಡರು. ಮದುಮಗ ಮಾತ್ರ ಆ ಗಾಡಿಯಿಂದ ಇಳಿದು ಬಂದು ಅಜ್ಜಿಯ ಮಗ್ಗುಲಿಗೆ ಕೂತ. "ಹೊತ್ತಾಕ್ಕತಿ, ಬಾರಲೇ" ಎಂದು ಅಪ್ಪ ಕೂಗಿದರೂ ಏಳಲಿಲ್ಲ.

ಸಿದ್ದಪ್ಪ ನಟ್ಟನ್ನು ಬಿಗಿ ಮಾಡಿ, ಗಾಡಿಯ ಪೆಟ್ಟಿಗೆಯಲ್ಲಿದ್ದ ಹೊಸ ಪಿನ್ ಹಾಕಿ ಅದರ ಕಾಲು ಮಡಚಿದ. ನಾನೂ ಮತ್ತೊಮ್ಮೆ ಮಲಗಿ ನೋಡಿದೆ. ಬಲಗಾಲಿಯನ್ನೂ ನೋಡಿದೆ. ಅರ್ಧ ಗಂಟೆ ಹಿಡಿಯಿತು. ಕೀಲಿ ಬಿಚ್ಚಿ ಅವನ ಕೈಗೆ ಕೊಟ್ಟು ಹಿಂದೆ ಸರಿದು ನಿಂತಾಗ ಆಯಿ ಒಳಗಿನಿಂದ ಕರೆದರು: "ಎಲ್ಲಿ ಹೊಂಟೀ? ಕೈ ತೊಳಕೊಂಡು ಹತ್ತು ನೀನೂ."

"ನಾ ಯಾಕ್ರಿ ಆಯಿ? ನಿಶ್ಚೆ ಐತಿ..."

"ಅದಕ್ಕ ಹತ್ತು ಅನ್ನಾಕತ್ತೇನಿ. ಇಬ್ರೂ ರಂಡಮುಂಡೇರು ಕೂಡಿ ಹೋಗೂಣು. ಏನು ಸುಡ್ತೈತೋ ಸುಡಲಿ, ನೋಡೇ ಬಿಡೂಣು."

ನಾನು ಹತ್ತಿದೆ. ಮೊಣಕೈಯವರೆಗೆ ಮೆತ್ತಿದ್ದ ಗ್ರೀಸು ಪೂರ್ತಿ ಹೋಗಿರಲಿಲ್ಲ, ಬೆನ್ನಿಗೆಲ್ಲ ಮಣ್ಣು. ತೊರವಿ ದಾಟಿ ಹಳ್ಳದ ಇಳಿಜಾರಿಗೆ ಬಂದಾಗ ಎದುರಿನಿಂದ ಕಬ್ಬಿಣದ ಗಾಲಿಯ ಚಕ್ಕಡಿಗಳ ಸಾಲು ಬರುತ್ತಿತ್ತು. ಸಿದ್ದಪ್ಪ ಬ್ರೇಕು ತುಳಿದು ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದ. ಗಾಡಿ ಹೇಳಿದ ಹಾಗೆ ಕೇಳಿತು. ಕನ್ನಡಿಯಲ್ಲಿ ಅವನು ನನ್ನನ್ನು ಒಮ್ಮೆ ನೋಡಿದ, ಅಷ್ಟೇ.

ಟಿಕೋಟಾದಲ್ಲಿ ಹೆಣ್ಣಿನ ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ವರನೇ ಬಂದಿಲ್ಲ ಎಂದು ಎಲ್ಲರಿಗೂ ಗಾಬರಿ. ನಾವು ಇಳಿದಾಗ ಒಂದಿಬ್ಬರು ನನ್ನನ್ನು ನೋಡಿ ಮುಖ ಮುಖ ನೋಡಿಕೊಂಡರು. ಹುಡುಗಿಯ ತಾಯಿ ಕಾಲಿಗೆ ನೀರು ತಂದಾಗ ಆಯಿ, "ಮೊದಲ ಈಕಿಗೆ ಕೊಡವಾ. ನಿನ್ನ ಅಳಿಯನ್ನ ಈಕಿನ ಕರ್ಕೊಂಡು ಬಂದಾಳ" ಎಂದರು. ಆ ತಾಯಿ ನನ್ನ ಕೈಗೆ ತಂಬಿಗೆ ಕೊಟ್ಟಳು. ನಾನು ಮೂಲೆ ಹುಡುಕಲಿಲ್ಲ. ಪಡಸಾಲೆಯಲ್ಲಿ ಆಯಿಯ ಪಕ್ಕ ಕೂತು ನಿಶ್ಚಯ ನೋಡಿದೆ, ಹೋಳಿಗೆ ಉಂಡೆ. ಯಜಮಾನರು ಎದುರು ಪಂಕ್ತಿಯಲ್ಲಿದ್ದರು. ಅವರು ನನ್ನ ಕಡೆ ನೋಡಲಿಲ್ಲ, ನಾನೂ ತಲೆ ತಗ್ಗಿಸಲಿಲ್ಲ.

ಯಜಮಾನರು ಮಾತಿನಂತೆ ನಡೆದರು. ಅವರ ಕಡೆಯ ಗಿರಾಕಿಗಳು ನಮ್ಮ ಗಾಡಿ ಬಿಟ್ಟರು. ಒಂದೆರಡು ವರ್ಷ ಕಷ್ಟವೇ ಆಯಿತು. ಆಯಿ ಮಾತ್ರ ಕಣ್ಣು ತೋರಿಸಲು ವಿಜಾಪುರಕ್ಕೆ ಬರುವಾಗಲೆಲ್ಲ ನಮ್ಮ ಗಾಡಿಯನ್ನೇ ಹೇಳಿ ಕಳಿಸುತ್ತಿದ್ದರು. ಸಿದ್ದಪ್ಪ ಬಿಟ್ಟು ಹೋಗಲಿಲ್ಲ. ಮರುದಿನ ಬೆಳಿಗ್ಗೆ, "ಅಕ್ಕಾರ, ಸ್ಟ್ಯಾಂಡಿಗೆ ನಡೀರಿ. ಅಲ್ಲೇ ನೋಡ್ರಿ, ನಾ ಸ್ಟೇರಿಂಗ್ ತಿರಗಸ್ತೇನಿ" ಎಂದ. ಹೋದೆ. ಗೋಳಗುಮ್ಮಟ ನೋಡಲು ಬಂದವರು, ಉಳಿದ ಡ್ರೈವರರು, ಎಲ್ಲರ ಎದುರಿಗೆ ಮಣ್ಣಿನಲ್ಲಿ ಮಲಗಿ ನೋಡಿದೆ. ಮುಖ ತಿರುಗಿಸಿ ಬೇರೆ ಗಾಡಿಗೆ ಹೋದವರೂ ಇದ್ದರು. ಹೋಗಲಿ ಎಂದು ಬಿಟ್ಟೆ. ಮುಂದೆ ಸಿದ್ದಪ್ಪನಿಂದಲೇ ಗಾಡಿ ಓಡಿಸಲೂ ಕಲಿತೆ.

ಈ ಸಂಗತಿ ಕೇಳಿದವರು, "ಏಳು ಜೀವ ಉಳಿಸಿದಿರಿ" ಎನ್ನುತ್ತಾರೆ. ನನಗೆ ಗೊತ್ತಿಲ್ಲ. ಆ ನಟ್ಟು ಟಿಕೋಟಾವರೆಗೆ ತಡೆಯುತ್ತಿತ್ತೋ ಏನೋ. ಆಗದೆ ಉಳಿದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ನನಗೆ ಗೊತ್ತಿರುವುದು ಇಷ್ಟೇ: ಟಕ್ ಅಂದದ್ದು ಕೇಳಿಯೂ ನಾನು ಬಾಗಿಲ ಹಿಂದೆಯೇ ನಿಂತಿದ್ದರೆ, ಅವರೆಲ್ಲ ಕ್ಷೇಮವಾಗಿ ಹೋಗಿ ಬಂದಿದ್ದರೂ ನನ್ನನ್ನು ನಾನು ಕ್ಷಮಿಸುತ್ತಿರಲಿಲ್ಲ.

ಈಗಲೂ ನಮ್ಮ ಓಣಿಯಿಂದ ಮದುವೆಗೆ ಗಾಡಿ ಹೊರಡುವಾಗ ನಾನು ಹೊರಗೆ ಬರುತ್ತೇನೆ. ಮುಂದೆಯೇ ನಿಲ್ಲುತ್ತೇನೆ. ಟಾಯರಿಗೆ ಗಾಳಿ ಕಡಿಮೆ ಕಂಡರೆ ಹೇಳುತ್ತೇನೆ. ಯಾರೂ ಏನೂ ಅನ್ನುವುದಿಲ್ಲ. ಅಂದರೂ ಒಳಗೆ ಹೋಗುವವಳಲ್ಲ ನಾನು.