ಗುಂಡಿ ಮೇಡಂ
ಮನೆಮನೆಗೆ ಹೋಗಿ ಮಕ್ಕಳ ಬೆರಳುಗಳಿಗೆ ಕೆಲಸ ಕಲಿಸುವ ಈ ಥೆರಪಿಸ್ಟಿಗೆ ‘ಗುಂಡಿ ಮೇಡಂ’ ಎಂಬ ಹೆಸರು ಬಿದ್ದದ್ದು ಅವರ ಚೀಲದಿಂದ. ಅದರ ತುಂಬ ಅಂಗಿಯ ಗುಂಡಿಗಳು, ಜಿಪ್ಪುಗಳು, ಜೋಡಿ ಕಳೆದುಕೊಂಡ ಶೂಗಳು. ಎಂಥ ಗುಂಡಿಗೂ ಸೋಲದ ಗುಂಡಿಗೆ ಅವರದು. ಒಂದು ಮಗು ಒಂದು ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಹೊರಗೆ ನಿಲ್ಲಿಸಿದ ಸ್ಕೂಟರಿನಲ್ಲಿ ಜೇಡ ಸಂಸಾರ ಹೂಡಿದರೂ ಕದಲುವವರಲ್ಲ. ತಡೆಯಲಾರದೆ ತಾಯಿ ಕೈ ಚಾಚಿದರೆ ಮಾತ್ರ ಗದರುತ್ತಾರೆ: “ಎರಡೂ ಕೈ ತೊಡೆ ಕೆಳಗಿಡಿ, ಅಮ್ಮ! ಅವಸರ ನಿಮ್ದು, ಬೆರಳು ಅವಂದು.” ಇಂಥವರು ಮೊನ್ನೆ ಮೊದಲ ಸಲ ಬಿಡುವು ಮಾಡಿಕೊಂಡು ತಮ್ಮ ಮಗಳ ಶಾಲೆಗೆ ಹೋದರು. ಟೀಚರ್ ಮೆಲ್ಲಗೆ, “ಎಂಟು ವರ್ಷ ಆದ್ರೂ ಇವಳಿಗೆ ಶೂ ಲೇಸ್ ಕಟ್ಟೋಕೆ ಬರಲ್ಲ. ಗುಂಡಿ ಮೇಡಂ ಅಂತ ಒಬ್ರಿದ್ದಾರೆ, ತುಂಬಾ ತಾಳ್ಮೆಯಂತೆ. ನಂಬರ್ ಬರ್ಕೊಳ್ಳಿ” ಎಂದರು. ಮೇಡಂ ಕಿವಿಯವರೆಗೂ ಕೆಂಪಾಗಿ, ತಲೆ ತಗ್ಗಿಸಿ, ತಮ್ಮದೇ ನಂಬರನ್ನು ಒಂದಂಕಿಯೂ ಬಿಡದೆ ಬರೆದುಕೊಂಡರು. ಹೊರಬಂದಾಗ ಮಗಳ ಲೇಸು ಬಿಚ್ಚಿತ್ತು. ಮೇಡಂ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ತೊಡೆಯಡಿ ಇಟ್ಟುಕೊಂಡು, “ನೀನೇ ಕಟ್ಟು, ಪುಟ್ಟಿ” ಎಂದರು. ಮಗಳು ರೂಢಿಯಂತೆ ಕಾಲು ಚಾಚಿದಳು. “ನೀನೇ ಕಟ್ಬಿಡಮ್ಮ, ನಿಂಗೆ ಲೇಟಾಗತ್ತೆ.”