ಎರಡು ಎಡಗೈಯ ಚುಕ್ಕಾಣಿಗಾರ

ಅವನನ್ನು ನಾವು ಭೂತಗನ್ನಡಿ ಎಂದು ಕರೆಯುತ್ತಿದ್ದೆವು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಗಾಜು ಉಜ್ಜಿದವನು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಪುಟ್ಟದೊಂದು ಭೂತಗನ್ನಡಿ ಇರುತ್ತಿತ್ತು. ಹೊಸ ಬೊಂಬೆ ಕೈಗೆ ಬಂದರೆ ಮೊದಲು ಅದನ್ನು ಕಣ್ಣಿಗೆ ಹಿಡಿಯುತ್ತಿದ್ದ. ಎಡಗಣ್ಣಿನ ಬಣ್ಣ ಕೂದಲೆಳೆಯಷ್ಟು ಕೆಳಗೆ ಜಾರಿದೆ, ಮೊಣಕಾಲಿನ ಕೀಲು ಬಣ್ಣಕ್ಕೆ ಅಂಟಿಕೊಂಡಿದೆ, ಅಚ್ಚಿನ ಗೆರೆ ಕೆನ್ನೆಯ ಮೇಲೆ ಉಳಿದಿದೆ ಎಂದು ನಾಡಿ ನೋಡಿದವನ ಹಾಗೆ ಹೇಳುತ್ತಿದ್ದ. ಅವನು ಹೋಗಿ ನಲವತ್ತು ದಿನವಾಯಿತು.

ಐವತ್ತು ದಾಟಿದ ಗಂಡಸರು ಪ್ಲಾಸ್ಟಿಕ್ ಬೊಂಬೆ ಕೂಡಿಡುತ್ತಾರೆಂದರೆ ಜನ ನಗುತ್ತಾರೆ. ನಗಲಿ. ನಾವು ಐದಾರು ಜನ ಭಾನುವಾರ ಬೆಳಿಗ್ಗೆ ಒಂದು ಸೈಕಲ್ ಅಂಗಡಿಯ ಹಿಂದೆ, ಟೈರುಗಳ ನಡುವೆ ಸೇರುತ್ತಿದ್ದೆವು. ಅಂಗಡಿಯ ಯಜಮಾನರು ಜೀವಮಾನದಲ್ಲಿ ಒಂದು ಪೆಟ್ಟಿಗೆಯ ಸೀಲನ್ನೂ ಒಡೆದವರಲ್ಲ. ಹಾಗಾಗಿ ಅವರು ಡಬ್ಬಿ ಮಾವ.

“ಬಿಚ್ಚಿದ್ರೆ ಬರೀ ಆಟದ ಸಾಮಾನು. ಬಿಚ್ಚದೇ ಇದ್ರೆ ಸಂಗ್ರಹ” ಎನ್ನುತ್ತಿದ್ದರು.

“ಹಾಗಾದ್ರೆ ನಿಮ್ಮ ಸಂಗ್ರಹ ಪೂರ್ತಿ ರಟ್ಟೇ ಬಿಡಿ, ಮಾವ” ಎನ್ನುತ್ತಿದ್ದ ಭೂತಗನ್ನಡಿ.

ದೋಷ ಕಂಡರೆ ನಾವೆಲ್ಲ ಬೊಂಬೆ ಮಾರಿದ ಅಂಗಡಿಗೆ ಹೋಗಿ ಕೂಗಾಡುತ್ತಿದ್ದೆವು. ಅವನು ಒಲೆಯ ಮೇಲೆ ನೀರಿಡುತ್ತಿದ್ದ. ಅಂಟಿಕೊಂಡ ಕಾಲನ್ನು ಬಿಸಿನೀರಲ್ಲಿ ಮುಳುಗಿಸಿ, ಅರವತ್ತು ಎಣಿಸಿ, ಮೆಲ್ಲಗೆ ತಿರುಗಿಸುತ್ತಿದ್ದ. “ತಣ್ಣಗಿದ್ದಾಗ ತಿರುಗಿಸಬೇಡ್ರಪ್ಪಾ, ಮುರಿಯುತ್ತೆ. ಅದಕ್ಕೂ ಮೈ ಬೆಚ್ಚಗಾಗ್ಬೇಕು.” ನನ್ನ ಬೊಂಬೆಗಳಲ್ಲಿ ಅರ್ಧಕ್ಕರ್ಧ ಇವತ್ತು ಮಂಡಿ ಮಡಚುತ್ತಿದ್ದರೆ ಅದು ಅವನ ಕೈಗುಣ.

ಅವನು ಮೂರು ವರ್ಷದಿಂದ ಒಂದು ಹಡಗು ತುಂಬಿಸುತ್ತಿದ್ದ. ಕಂಪನಿ ಹನ್ನೆರಡು ನಾವಿಕರನ್ನು ಒಬ್ಬೊಬ್ಬರನ್ನಾಗಿ ಬಿಡುಗಡೆ ಮಾಡುತ್ತಿತ್ತು. ಬೀರುವಿನ ಮೇಲಿನ ಹಡಗಿನಲ್ಲಿ ಹನ್ನೊಂದು ಜನ ನಿಂತಿದ್ದರು. ಚುಕ್ಕಾಣಿಯ ಚಕ್ರದ ಹಿಂದಿನ ಜಾಗ ಮಾತ್ರ ಖಾಲಿ. ಅಷ್ಟರಲ್ಲಿ ಗಾಜಿನ ಧೂಳು ಅವನ ಶ್ವಾಸಕೋಶ ತುಂಬಿತ್ತು. ವರ್ಷ ಕಳೆಯುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ, ಮೆಟ್ಟಿಲು ಇಳಿಯುತ್ತಾ ನನ್ನ ಹೆಗಲು ಹಿಡಿದುಕೊಂಡು ಅಂದ: “ಹಡಗು ತುಂಬಿದ್ದು ನೋಡ್ಕೊಂಡು ಹೋಗ್ತೀನಿ. ಅಷ್ಟು ಸಾಕು ನೋಡು.”

ಹನ್ನೆರಡನೆಯವನು, ಚುಕ್ಕಾಣಿಗಾರ, ಬಂದೇ ಬಂದ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಇಬ್ಬರೂ ಒಂದೊಂದು ಪೆಟ್ಟಿಗೆ ಕೊಂಡೆವು. ಅವನು ಮನೆಗೆ ಹೋದವನೇ ನನ್ನ ಮುಂದೆಯೇ ತನ್ನದನ್ನು ಬಿಚ್ಚಿದ. ಬೊಂಬೆಗೆ ಎರಡೂ ಎಡಗೈ. ಬಲತೋಳಿನ ತುದಿಯಲ್ಲಿ ಹೆಬ್ಬೆರಳು ಹೊರಗೆ ತಿರುಗಿಕೊಂಡಿತ್ತು. ಚಕ್ರದ ಹಿಂದೆ ನಿಲ್ಲಿಸಿದರೆ ಹಿಡಿತ ಸಿಗದೆ ಮುಗ್ಗರಿಸಿತು. ನಾನು ನನ್ನ ಪೆಟ್ಟಿಗೆಯ ಪಾರದರ್ಶಕ ಮುಖದೊಳಗೆ ನೋಡಿದೆ. ಎರಡೂ ಬಲಗೈ.

ಅವನು ಕೆಮ್ಮು ಬರುವಷ್ಟು ನಕ್ಕ. “ಎರಡನ್ನೂ ಒಬ್ಬಳೇ ಜೋಡಿಸಿರೋದು ಕಣೋ. ಪಾಳಿ ಮುಗಿಯೋ ಹೊತ್ತು, ಪಾಪ, ಎಡಗೈ ತಟ್ಟೆಗೇ ಎರಡು ಸಲ ಕೈ ಹಾಕಿದಾಳೆ. ಮುಂದಿನವನಿಗೆ ಎರಡೂ ಬಲ ಉಳೀತು. ಕೊಡಿಲ್ಲಿ, ನೀರು ಕಾಯಿಸಿ ಅದಲುಬದಲು ಮಾಡ್ತೀನಿ. ಇಬ್ರಿಗೂ ಸರಿಹೋಗುತ್ತೆ.”

“ಭಾನುವಾರ ಮಾಡೋಣ, ಸುಸ್ತಾಗಿದೀಯ” ಎಂದೆ.

ಭಾನುವಾರ ಅವನಿಗೆ ಉಸಿರಾಡುವುದೇ ಕಷ್ಟವಾಗಿ ಬರಲಿಲ್ಲ. ಡಬ್ಬಿ ಮಾವ ನನ್ನ ಪೆಟ್ಟಿಗೆ ನೋಡಿ ಸ್ಟೂಲಿನಿಂದ ಎದ್ದರು. “ಲೋ, ಸೀಲ್ ಒಡೆದೀಯ! ಸೀಲ್ ಒಳಗೇ ಇರೋ ತಪ್ಪು ಇದು. ಊರಲ್ಲಿ ಇನ್ನೊಂದಿಲ್ಲ. ಕೈ ಬದಲಾಯಿಸಿದ್ಯೋ, ಎಲ್ಲರ ಹತ್ರ ಇರೋದೇ ನಿನ್ನ ಹತ್ರಾನೂ.” ಸುತ್ತಲಿದ್ದವರ ಕಣ್ಣಲ್ಲಿ ಹೊಟ್ಟೆಕಿಚ್ಚು ಕಂಡಿತು. ನಾನು ಎಂದೂ ಯಾರ ಹೊಟ್ಟೆಕಿಚ್ಚಿಗೂ ಪಾತ್ರನಾದವನಲ್ಲ. ಅದು ತಲೆಗೇರಿತು.

ಕಂಪನಿಯದೊಂದು ನಿಯಮವಿದೆ. ಬೊಂಬೆ ದೋಷದ್ದಾದರೆ ಅದನ್ನು ಸೊಂಟಕ್ಕೆ ಸರಿಯಾಗಿ ಕತ್ತರಿಸಿ ಫೋಟೋ ಕಳಿಸಬೇಕು; ಆಗ ಹೊಸದು ಕಳಿಸುತ್ತಾರೆ. ಯಾರೂ ಎರಡು ಇಟ್ಟುಕೊಳ್ಳಬಾರದಲ್ಲ, ಅದಕ್ಕೆ. ಮರುದಿನ ಅವನ ಮನೆಗೆ ಹೋಗಿ, “ನಂದು ಕತ್ತರಿಸಿ ಫೋಟೋ ಕಳಿಸಿಬಿಟ್ಟೆ” ಎಂದೆ.

ಅವನು ಕೇಳಿದ್ದು ಒಂದೇ: “ಕೈಗಳನ್ನಾದ್ರೂ ಇಟ್ಕೊಂಡಿದೀಯಾ?”

“ಕಸಕ್ಕೆ ಹಾಕ್ದೆ.”

“ಹೋಗ್ಲಿ ಬಿಡು” ಎಂದ.

ಹೀಗಾಗಿ ಅವನು ನಿಜವಾಗಿಯೇ ಕತ್ತರಿಸಿದ. ಒಂದು ಬೊಂಬೆಯ ಬೆರಳನ್ನೂ ಮುರಿಯದವನು, ಕನ್ನಡಕದ ಚೌಕಟ್ಟು ಕೊಯ್ಯುವ ಸಣ್ಣ ಗರಗಸ ಹಿಡಿದು ಕೂತ. ಮೂರು ಸಲ ಗರಗಸ ಕೆಳಗಿಟ್ಟನೆಂದು ಅತ್ತಿಗೆ, ಅವನ ಹೆಂಡತಿ, ಆಮೇಲೆ ಹೇಳಿದರು. ಐದು ವಾರ ಅಂಚೆಯವನ ದಾರಿಯನ್ನೇ ನೋಡುತ್ತಾ ಕಾದ. ಬಂದದ್ದು ಒಂದು ಕಾಗದ. ದಾಸ್ತಾನು ಮುಗಿದಿದೆ, ವಿಷಾದಿಸುತ್ತೇವೆ. ಜೊತೆಗೆ ಉಡುಗೊರೆಯಾಗಿ ನಗುವ ನಕ್ಷತ್ರಗಳ ಸ್ಟಿಕ್ಕರು.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟರೆ ಸುಳ್ಳುಗಾರನಾಗುತ್ತಿದ್ದೆ, ಅದಕ್ಕೆ ಹೆದರಿ ಸುಳ್ಳುಗಾರನಾಗಿಯೇ ಉಳಿದೆ.

ಅದಾದ ಮೇಲೆ ಒಂದು ಸಂಜೆ ನನ್ನ ಹೊಸ ಕನ್ನಡಕವನ್ನು ತಾನೇ ತಂದ. ಎರಡು ಮಹಡಿ ಹತ್ತಿ, ಬಾಗಿಲು ಹಿಡಿದು ನಿಂತು ಉಸಿರು ಎಳೆದುಕೊಂಡ. ನಾನು ಟೀ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅವನು ನನ್ನ ಕಪಾಟಿನ ಮುಂದೆ ನಿಂತಿದ್ದ. ಪೆಟ್ಟಿಗೆ ಇದ್ದದ್ದು ಪುಸ್ತಕಗಳ ಹಿಂದೆ. ಕಂಡಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅವನು ನನ್ನನ್ನು ಕೂರಿಸಿ, ಕನ್ನಡಕ ಹಾಕಿ, ಕಿವಿಯ ಹಿಂದಿನ ಕಡ್ಡಿಯನ್ನು ಒಂದಿಷ್ಟು ಬಗ್ಗಿಸಿದ.

“ಈಗ ಸರಿಯಾಗಿ ಕಾಣ್ತಿದೆಯಾ?”

“ಕಾಣ್ತಿದೆ.”

ಟೀ ಮುಟ್ಟಲಿಲ್ಲ. ಆಮೇಲೆ ನಮ್ಮ ಮನೆ ಕಡೆ ಬರಲಿಲ್ಲ. ಕಾಯಿಲೆಯ ಮೇಲೆ ತಪ್ಪು ಹಾಕಿದೆ.

ಅವನು ಹೋದ ವಾರದ ಮೇಲೆ ಅತ್ತಿಗೆ ಕರೆಸಿದರು. ಕನ್ನಡಕ ಒರೆಸುವ ಬಟ್ಟೆಯಲ್ಲಿ ಮಡಚಿದ ಪೊಟ್ಟಣವೊಂದನ್ನು ಕೈಗಿಟ್ಟರು. ಮೇಲೆ ಅವನದೇ ಅಕ್ಷರ: ‘ಎಡಗೈ. ನಿನ್ನ ಪೆಟ್ಟಿಗೆಯೊಳಗೆ ಇರುವವನಿಗೆ.’

“ನಿಮಗೇ ಕೊಡು ಅಂದ್ರು. ನೀರು ಕುದೀಬಾರ್ದು, ಬೆಚ್ಚಗಿದ್ರೆ ಸಾಕು ಅಂತ ಹೇಳೋಕೆ ಹೇಳಿದ್ರು.”

“ಬೇರೆ ಏನಾದ್ರೂ ಅಂದ್ನಾ, ಅತ್ತಿಗೆ?”

“ಅಂದ್ರು. ನಾನು ಹೇಳಲ್ಲ.”

ಬೀರುವಿನ ಮೇಲೆ ಹಡಗು ಹಾಗೇ ಇತ್ತು. ಹನ್ನೊಂದು ಜನ, ಯಾರೂ ಹಿಡಿಯದ ಚಕ್ರ. “ಸರಿಮಾಡಿ ತಂದು ನಿಲ್ಲಿಸ್ಲಾ?” ಎಂದೆ.

“ಈಗ ಯಾಕೆ? ನೋಡ್ಬೇಕಾಗಿದ್ದವರು ನೋಡ್ಲಿಲ್ಲ. ನನಗೆ ಅದು ಧೂಳು ಹೊಡೆಯೋ ಕೆಲಸ ಅಷ್ಟೇ.” ಬಾಗಿಲವರೆಗೂ ಬಂದರು. “ಇನ್ಮೇಲೆ ಬರೋ ತೊಂದ್ರೆ ತಗೋಬೇಡಿ” ಎಂದರು, ಬಹಳ ಮರ್ಯಾದೆಯಿಂದ.

ಮನೆಗೆ ಬಂದು ಸೀಲ್ ಒಡೆದೆ. ನೀರು ಬೆಚ್ಚಗೆ ಮಾಡಿ ಅರವತ್ತು ಎಣಿಸಿದೆ. ಎಡತೋಳಿನಲ್ಲಿದ್ದ ತಪ್ಪು ಕೈ ಸಲೀಸಾಗಿ ಬಂತು. ಅವನು ಕೊಟ್ಟದ್ದು ಟಕ್ಕೆಂದು ಕೂತಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಚುಕ್ಕಾಣಿಗಾರ ಈಗ ಎಲ್ಲರ ಮನೆಯಲ್ಲಿರುವ ಹಾಗೇ ಇದ್ದಾನೆ. ಮೇಜಿನ ಮೇಲೆ, ನೀರಿನ ಬಟ್ಟಲ ಪಕ್ಕದಲ್ಲಿ, ಒಂದು ಬಲಗೈ ಉಳಿಯಿತು. ಅವನಿಗೆ ಬೇಕಾಗಿದ್ದದ್ದು ಅದೊಂದೇ.